ಚಂದಾ ಕಟ್ಟದೆಯೂ ಚಿತ್ರ ಬರೆಯಬಹುದು

2022ರ ಕೊನೆಯಲ್ಲಿ ಫೋಟೋಶಾಪ್ ಬಳಸುವ ಹಲವು ವಿನ್ಯಾಸಕಾರರು ತಮ್ಮ ಹಳೆಯ ಫೈಲುಗಳನ್ನು ತೆರೆದಾಗ ಬಣ್ಣವಿದ್ದ ಕಡೆ ಬರೀ ಕಪ್ಪು ಕಾಣಿಸಿತು. ಫೈಲ್ ಕೆಟ್ಟಿರಲಿಲ್ಲ, ವೈರಸ್ ಹೊಕ್ಕಿರಲಿಲ್ಲ. ಮುದ್ರಣದ ಬಣ್ಣಗಳಿಗೆ ಒಂದೊಂದು ನಂಬರ್ ಕೊಟ್ಟು ಜಗತ್ತಿಗೆಲ್ಲ ಒಂದೇ ಲೆಕ್ಕ ಹಾಕಿಕೊಟ್ಟ ಪ್ಯಾಂಟೋನ್ ಕಂಪನಿಗೂ ಫೋಟೋಶಾಪ್ ತಯಾರಿಸುವ ಅಡೋಬಿಗೂ ನಡುವೆ ಇದ್ದ ಪರವಾನಗಿಯ ಏರ್ಪಾಡು ಬದಲಾಗಿತ್ತು, ಅಷ್ಟೆ. ಆ ಬಣ್ಣಗಳು ಮತ್ತೆ ಬೇಕೆಂದರೆ ಪ್ಯಾಂಟೋನ್‌ಗೇ ಪ್ರತ್ಯೇಕವಾಗಿ ತಿಂಗಳಿಗೆ ಸುಮಾರು 15 ಡಾಲರ್ ಕಟ್ಟಬೇಕು ಎಂಬ ಸೂಚನೆ ತೆರೆಯ ಮೇಲೆ ಬಂತು. ಫೋಟೋಶಾಪ್‌ನ ಚಂದಾ ಕಟ್ಟುತ್ತಿದ್ದವರಿಗೆ ಅದರ ಮೇಲೊಂದು ಚಂದಾ.

ಬ್ರಿಟನ್ನಿನ ಕಲಾವಿದ ಸ್ಟುವರ್ಟ್ ಸೆಂಪಲ್ ಇದಕ್ಕೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು. ಪ್ಯಾಂಟೋನ್ ಬಣ್ಣಗಳನ್ನು ಹೋಲುವ ಸಾವಿರಕ್ಕೂ ಹೆಚ್ಚು ಬಣ್ಣಗಳ ಪಟ್ಟಿ ತಯಾರಿಸಿ, ‘ಫ್ರೀಟೋನ್’ ಎಂದು ಹೆಸರಿಟ್ಟು ಪುಕ್ಕಟೆ ಹಂಚಿದರು. (ಮುಂಬೈಯಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್ ಒಂದು ಕಡುಗಪ್ಪು ಲೇಪವನ್ನು ಕಲೆಯಲ್ಲಿ ಬಳಸುವ ಹಕ್ಕನ್ನು ತಮಗೊಬ್ಬರಿಗೇ ಮಾಡಿಕೊಂಡಾಗ, ತಮ್ಮ ಗುಲಾಬಿ ಬಣ್ಣವನ್ನು ಕಪೂರ್ ಹೊರತು ಯಾರು ಬೇಕಾದರೂ ಕೊಳ್ಳಬಹುದು ಎಂದು ಸಾರಿದವರೂ ಇದೇ ಸೆಂಪಲ್.)

ಇದಕ್ಕೂ ಮೂರು ವರ್ಷ ಮೊದಲು ವೆನಿಜುವೆಲಾದವರು ಇನ್ನೂ ದೊಡ್ಡ ಪೆಟ್ಟು ತಿನ್ನುವುದರಲ್ಲಿದ್ದರು. ಅಮೆರಿಕದ ಅಧ್ಯಕ್ಷರ ನಿರ್ಬಂಧದ ಆದೇಶದಿಂದಾಗಿ ಆ ದೇಶದ ಎಲ್ಲ ಖಾತೆಗಳನ್ನೂ ಮುಚ್ಚುತ್ತೇವೆ ಎಂದು 2019ರ ಅಕ್ಟೋಬರಿನಲ್ಲಿ ಅಡೋಬಿ ಪ್ರಕಟಿಸಿತು. ಆ ತಿಂಗಳ ಕೊನೆಗೆ ಅಮೆರಿಕ ಸರ್ಕಾರದಿಂದಲೇ ಅನುಮತಿ ಸಿಕ್ಕಿ ಖಾತೆಗಳು ಉಳಿದುಕೊಂಡವು. ಆದರೆ ಆ ಕೆಲವು ವಾರ ಅಲ್ಲಿನ ವಿನ್ಯಾಸಕಾರರ ಅನ್ನದ ದಾರಿ ವಾಷಿಂಗ್ಟನ್ನಿನ ಒಂದು ಕಾಗದದ ಮೇಲೆ ನಿಂತಿತ್ತು. ಅವರ ತಪ್ಪೇನೂ ಇರಲಿಲ್ಲ; ದುಡ್ಡನ್ನೂ ಸರಿಯಾಗಿಯೇ ಕಟ್ಟಿದ್ದರು.

ಅಗ್ಗದ ತಂತ್ರಾಂಶಗಳ ಮಾತು ಬಂದಾಗಲೆಲ್ಲ ಬೆಲೆಯೊಂದೇ ಮುಂದೆ ಬರುತ್ತದೆ. ಬೆಲೆ ದೊಡ್ಡದೇ, ಸುಳ್ಳಲ್ಲ. ಆದರೆ ತಾನೇ ಬರೆದ ಚಿತ್ರ ತೆರೆಯಲು ಯಾರ ಅಪ್ಪಣೆ ಬೇಕು ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಮೊದಲು ಬೆಲೆಯ ಲೆಕ್ಕವನ್ನೇ ಮುಗಿಸೋಣ. ಡಬ್ಬದಲ್ಲಿ ಮಾರುವ ಕ್ರಿಯೇಟಿವ್ ಸೂಟ್‌ಗೆ ಆರನೆಯ ಆವೃತ್ತಿಯೇ ಕೊನೆ, ಇನ್ನು ಮುಂದೆ ಹೊಸದೆಲ್ಲ ಚಂದಾದವರಿಗೆ ಮಾತ್ರ ಎಂದು ಅಡೋಬಿ ಸಾರಿದ್ದು 2013ರ ಮೇ ತಿಂಗಳಲ್ಲಿ. ಆ ಆರನೆಯ ಆವೃತ್ತಿಯ ಎಲ್ಲ ತಂತ್ರಾಂಶಗಳೂ ಸೇರಿದ ಪೂರ್ಣ ಕಟ್ಟಿಗೆ ಅಮೆರಿಕದಲ್ಲಿ 2,599 ಡಾಲರ್ ಇತ್ತು. ದುಬಾರಿಯೇ, ಆದರೆ ಒಮ್ಮೆ ಕೊಟ್ಟರೆ ಆ ಕಂಪ್ಯೂಟರ್ ನಡೆಯುವಷ್ಟು ಕಾಲ ನಡೆಯುತ್ತಿತ್ತು. 2025ರಲ್ಲಿ ಅಲ್ಲಿ ಎಲ್ಲ ಆ್ಯಪ್‌ಗಳ ಯೋಜನೆಗೆ ತಿಂಗಳಿಗೆ 69.99 ಡಾಲರ್. ಮೂರು ವರ್ಷ ಕಟ್ಟಿದರೆ 2,520 ಡಾಲರಿನ ಹತ್ತಿರ ಬರುತ್ತದೆ. ಅಂದರೆ ಹಳೆಯ ಡಬ್ಬದ ಬೆಲೆಯಷ್ಟೇ. ನಾಲ್ಕನೆಯ ವರ್ಷದ ಕಂತು ನಿಲ್ಲಿಸಿದರೆ ಕೈಯಲ್ಲಿ ಉಳಿಯುವುದು ಆ ತಂತ್ರಾಂಶಗಳಲ್ಲಿ ತೆರೆಯಲಾಗದ ಫೈಲುಗಳು. ಕಂಪನಿಗಂತೂ ಈ ದಾರಿ ಚೆನ್ನಾಗಿಯೇ ಒದಗಿತು: 2012ರಲ್ಲಿ 440 ಕೋಟಿ ಡಾಲರ್ ಇದ್ದ ಅದರ ವಾರ್ಷಿಕ ವರಮಾನ 2024ರ ಹೊತ್ತಿಗೆ 2,150 ಕೋಟಿ ಡಾಲರ್ ಮುಟ್ಟಿತ್ತು.

ನ್ಯಾಯಕ್ಕೆ ಇದನ್ನೂ ಹೇಳಬೇಕು. ಹತ್ತಾರು ಜನ ಕೆಲಸ ಮಾಡುವ ಜಾಹೀರಾತು ಸಂಸ್ಥೆಗೆ ಈ ಖರ್ಚು ಹೊರೆಯಲ್ಲ. ಎಲ್ಲರ ಬಳಿಯೂ ಒಂದೇ ಆವೃತ್ತಿ ಇರುತ್ತದೆ, ಗಿರಾಕಿ ಕಳಿಸಿದ ಫೈಲ್ ತಕರಾರಿಲ್ಲದೆ ತೆರೆಯುತ್ತದೆ. ಕಷ್ಟವಿರುವುದು ತಿಂಗಳಿಗೆ ನಾಲ್ಕು ಮುಖಪುಟ ಮಾಡುವವರಿಗೆ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರಿಗೆ, ಕಲಿಯುತ್ತಿರುವ ವಿದ್ಯಾರ್ಥಿಗೆ.

ನಮ್ಮ ಊರುಗಳ ಡಿಟಿಪಿ ಅಂಗಡಿಗಳು ಈ ಕಷ್ಟವನ್ನು ಎರಡು ರೀತಿಯಲ್ಲಿ ದಾಟಿಕೊಂಡಿವೆ. ಒಂದು, ಕಾಲವನ್ನೇ ನಿಲ್ಲಿಸಿಬಿಡುವುದು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಅದನ್ನು ಕೈಬಿಟ್ಟಿತು, ಕರ್ನಾಟಕ ಬಿಡಲಿಲ್ಲ. ನುಡಿ, ಬರಹ, ಶ್ರೀಲಿಪಿ ಅಕ್ಷರಗಳೊಂದಿಗೆ ಪೇಜ್‌ಮೇಕರ್ ಇಂದಿಗೂ ಆಮಂತ್ರಣ ಪತ್ರಿಕೆ, ಕರಪತ್ರ, ಸಣ್ಣ ಪತ್ರಿಕೆಗಳನ್ನು ಹೊರಡಿಸುತ್ತಲೇ ಇದೆ. ಇನ್ನೊಂದು, ಕ್ರ್ಯಾಕ್ ಮಾಡಿದ ಕೋರಲ್‌ಡ್ರಾ ಮತ್ತು ಫೋಟೋಶಾಪ್. ಫ್ಲೆಕ್ಸ್ ಅಂಗಡಿಗೆ ಪೆನ್‌ಡ್ರೈವಿನಲ್ಲಿ ಬಂದು, ಅಲ್ಲಿಂದ ಪಕ್ಕದ ಸ್ಟುಡಿಯೋಗೆ ಹೋಗಿ, ಕೊನೆಗೆ ಯಾರದೆಂದೇ ಗೊತ್ತಾಗದಷ್ಟು ಕೈ ದಾಟಿದ ಪ್ರತಿ. ಕಾನೂನಿನ ಕಣ್ಣಿಗೆ ಇದು ಸಣ್ಣ ವಿಷಯವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕ್ರ್ಯಾಕ್ ಓಡಿಸಲು ಆಂಟಿವೈರಸ್ ನಿಲ್ಲಿಸಬೇಕು ಎಂಬ ಷರತ್ತಂತೂ ಎಲ್ಲರಿಗೂ ಗೊತ್ತು. ಬಿಲ್ಲು, ಬ್ಯಾಂಕು, ಗಿರಾಕಿಗಳ ಆಧಾರ್ ಪ್ರತಿ ಎಲ್ಲ ಇರುವ ಅದೇ ಕಂಪ್ಯೂಟರಿನಲ್ಲಿ.

ಮೂರನೆಯ ದಾರಿ ಇದೆ. ಅದು ಎಷ್ಟು ಸವೆದ ದಾರಿ ಎಂಬುದಕ್ಕೆ 2025ರ ಮಾರ್ಚ್‌ನ ಆಸ್ಕರ್ ಸಮಾರಂಭವೇ ಸಾಕ್ಷಿ. ಅತ್ಯುತ್ತಮ ಅನಿಮೇಷನ್ ಚಿತ್ರದ ಪ್ರಶಸ್ತಿಗೆ ಆ ವರ್ಷ ‘ಇನ್‌ಸೈಡ್ ಔಟ್ 2’, ‘ದಿ ವೈಲ್ಡ್ ರೋಬಾಟ್’ ಮುಂತಾದ ಹಾಲಿವುಡ್‌ನ ಭಾರಿ ಚಿತ್ರಗಳು ಕಣದಲ್ಲಿದ್ದವು. ಗೆದ್ದದ್ದು ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ ‘ಫ್ಲೋ’. ನೆರೆ ನೀರಿನಲ್ಲಿ ದೋಣಿ ಹತ್ತಿದ ಒಂದು ಬೆಕ್ಕಿನ ಕಥೆ, ಒಂದೇ ಒಂದು ಮಾತಿಲ್ಲ. ವೆಚ್ಚ ಸುಮಾರು 35 ಲಕ್ಷ ಯೂರೋ. ಅದನ್ನು ಕಟ್ಟಿದ್ದು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ. ಸಾಮಾನ್ಯವಾಗಿ ಇಂಥ ಚಿತ್ರದ ಅಂತಿಮ ದೃಶ್ಯಗಳನ್ನು ಹೊರತೆಗೆಯಲು ನೂರಾರು ಕಂಪ್ಯೂಟರುಗಳ ‘ರೆಂಡರ್ ಫಾರ್ಮ್’ ಬೇಕಾಗುತ್ತದೆ. ಜಿಲ್ಬಲೋಡಿಸ್ ಬ್ಲೆಂಡರ್‌ನ ಈವೀ ಎಂಬ ವೇಗದ ಎಂಜಿನ್ ಬಳಸಿ ತಮ್ಮ ಕಂಪ್ಯೂಟರಿನಲ್ಲೇ ಆ ಕೆಲಸ ಮುಗಿಸಿದರು.

ಬ್ಲೆಂಡರ್ ಉಚಿತವಾದ ಬಗೆ ಕೂಡ ಒಂದು ಒಳ್ಳೆಯ ಕಥೆ. ನೆದರ್‌ಲ್ಯಾಂಡ್ಸ್‌ನ ಟಾನ್ ರೂಸೆಂಡಾಲ್ 1990ರ ದಶಕದಲ್ಲಿ ತಮ್ಮ ಅನಿಮೇಷನ್ ಸ್ಟುಡಿಯೋದ ಒಳಬಳಕೆಗೆ ಬರೆದ ತಂತ್ರಾಂಶ ಅದು. ಅದನ್ನು ಮಾರಲು ಕಟ್ಟಿದ ಕಂಪನಿ 2002ರಲ್ಲಿ ಮುಳುಗಿತು. ಹಕ್ಕು ಹೂಡಿಕೆದಾರರ ಕೈಯಲ್ಲಿ ಉಳಿಯಿತು. ಒಂದು ಲಕ್ಷ ಯೂರೋ ಕೊಟ್ಟರೆ ಬಿಟ್ಟುಕೊಡುತ್ತೇವೆ ಎಂಬ ಒಪ್ಪಂದಕ್ಕೆ ಆ ಹೂಡಿಕೆದಾರರನ್ನು ರೂಸೆಂಡಾಲ್ ಒಪ್ಪಿಸಿದರು. ಬಳಕೆದಾರರು ಏಳು ವಾರಗಳಲ್ಲಿ ಆ ಹಣ ಕೂಡಿಸಿದರು. 2002ರ ಅಕ್ಟೋಬರ್ 13ರಿಂದ ಬ್ಲೆಂಡರ್‌ನ ಮೂಲ ಸಂಕೇತ ಎಲ್ಲರದು. ಮೂರು ಆಯಾಮದ ಮಾದರಿಗಷ್ಟೇ ಅಲ್ಲ, ಕೈಯಲ್ಲಿ ಬರೆದಂಥ ಎರಡು ಆಯಾಮದ ಅನಿಮೇಷನ್‌ಗೂ ಅದರಲ್ಲಿ ‘ಗ್ರೀಸ್ ಪೆನ್ಸಿಲ್’ ಎಂಬ ಸಲಕರಣೆ ಇದೆ. ಅನಿಮೇಷನ್ ಕಡೆಯವರು ಓಪನ್‌ಟೂನ್ಸ್ ಹೆಸರನ್ನೂ ಕೇಳಿರುತ್ತಾರೆ: ಜಪಾನಿನ ಘಿಬ್ಲಿ ಸ್ಟುಡಿಯೋ ತನ್ನ ಚಿತ್ರಗಳಿಗೆ ಬಳಸಿದ ಟೂನ್ಸ್ ತಂತ್ರಾಂಶವೇ 2016ರಲ್ಲಿ ಈ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು.

ಅನಿಮೇಷನ್ ಬೇಡ, ಬರೀ ಚಿತ್ರ ಬರೆಯಬೇಕು ಎನ್ನುವವರಿಗೆ ಹೇಳಬೇಕಾದ ಮೊದಲ ಹೆಸರು ಕ್ರಿಟಾ. ಫೋಟೋಶಾಪ್ ಹುಟ್ಟಿದ್ದು ಫೋಟೋ ತಿದ್ದಲು, ಚಿತ್ರಕಾರರು ಅದಕ್ಕೆ ಒಗ್ಗಿಕೊಂಡರು. ಕ್ರಿಟಾವನ್ನು ರೂಪಿಸಿದ್ದೇ ಚಿತ್ರ ಬರೆಯುವ ಕೈಗೆ. ಗ್ರಾಫಿಕ್ ಟ್ಯಾಬ್ಲೆಟ್ ಹಚ್ಚಿ ಕೂತು ಮೌಸಿನ ಬಲಗುಂಡಿ ಅಥವಾ ಪೆನ್ನಿನ ಗುಂಡಿ ಒತ್ತಿದರೆ ಕೈ ಇರುವಲ್ಲೇ ಒಂದು ವೃತ್ತ ಅರಳುತ್ತದೆ: ಸುತ್ತ ಮೆಚ್ಚಿನ ಬ್ರಷ್‌ಗಳು, ನಡುವೆ ಬಣ್ಣ. ತೆರೆಯ ಅಂಚಿಗೆ ಹೋಗಿ ಹುಡುಕುವ ಕೆಲಸವಿಲ್ಲ. ಕೀಲಿಮಣೆಯಲ್ಲಿ ಎಂ ಒತ್ತಿದರೆ ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುತ್ತದೆ. ಬರೆದ ಮುಖದಲ್ಲಿ ಒಂದು ಕಣ್ಣು ಸೊಟ್ಟಗಿದ್ದರೆ ಆಗ ತಟ್ಟನೆ ಸಿಕ್ಕಿಬೀಳುತ್ತದೆ. ಡಬ್ಲ್ಯೂ ಒತ್ತಿದರೆ ಚಿತ್ರ ನಾಲ್ಕೂ ದಿಕ್ಕಿಗೆ ತನ್ನನ್ನೇ ಪುನರಾವರ್ತಿಸಿಕೊಳ್ಳುತ್ತದೆ; ಬಲ ಅಂಚಿನಿಂದ ಹೊರಗೆ ಎಳೆದ ಗೆರೆ ಎಡ ಅಂಚಿನಿಂದ ಒಳಗೆ ಬರುತ್ತದೆ. ಸೀರೆಯ ಒಡಲಿನ ಬುಟ್ಟ, ಗೋಡೆಯ ಕಾಗದ, ಉಡುಗೊರೆ ಸುತ್ತುವ ಕಾಗದಗಳಿಗೆ ವಿನ್ಯಾಸ ಮಾಡುವವರಿಗೆ ಈ ಒಂದು ಗುಂಡಿ ಎಷ್ಟು ಹೊತ್ತು ಉಳಿಸುತ್ತದೆ ಎಂಬುದನ್ನು ಅವರೇ ಹೇಳಬೇಕು. ಗೆರೆ ನಡುಗದಂತೆ ಹಿಡಿಯುವ ಸ್ಥಿರಕ, ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣ, ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ತೆರೆಯುವ ಸೌಲಭ್ಯ ಎಲ್ಲ ಇವೆ. ಫ್ರಾನ್ಸಿನ ಡೇವಿಡ್ ರೆವೋಯ್ 2014ರಿಂದ ‘ಪೆಪರ್ ಆ್ಯಂಡ್ ಕ್ಯಾರಟ್’ ಎಂಬ ಕಾಮಿಕ್ಸ್ ಮಾಲಿಕೆಯನ್ನು ಇದರಲ್ಲೇ ಬರೆಯುತ್ತ, ತಮ್ಮ ಮೂಲ ಫೈಲುಗಳನ್ನೂ ಎಲ್ಲರಿಗೆ ಹಂಚುತ್ತಿದ್ದಾರೆ. ಕಲಿಯುವವರು ಅವುಗಳ ಲೇಯರ್ ಬಿಚ್ಚಿ ನೋಡಬಹುದು.

ಜಿಂಪ್ ಬಗ್ಗೆ ಇಷ್ಟು ಉತ್ಸಾಹದಿಂದ ಹೇಳುವುದು ಕಷ್ಟ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು 1995ರಲ್ಲಿ ಶುರುಮಾಡಿದ ಇದು ಉಚಿತ ತಂತ್ರಾಂಶಗಳ ಹಿರಿಯಣ್ಣ. ಫೋಟೋದ ಬೆಳಕು ತಿದ್ದಲು, ಹಿನ್ನೆಲೆ ಕತ್ತರಿಸಲು, ಕಲೆ ಅಳಿಸಲು ಏನೂ ಕೊರತೆಯಿಲ್ಲ. ಆದರೆ ಫೋಟೋಶಾಪ್‌ನಲ್ಲಿ ಪಳಗಿದ ಬೆರಳುಗಳು ಇಲ್ಲಿ ಹೆಜ್ಜೆ ಹೆಜ್ಜೆಗೂ ಎಡವುತ್ತವೆ. ಹಾಕಿದ ಪರಿಣಾಮವನ್ನು ಆಮೇಲೆ ಬದಲಿಸಲು ಸಾಧ್ಯವಾಗುವಂತೆ ಉಳಿಸಿಕೊಳ್ಳುವ ಸೌಲಭ್ಯ ಬಂದದ್ದು 2025ರ ಮಾರ್ಚ್‌ನಲ್ಲಿ ಹೊರಬಂದ ಮೂರನೆಯ ಆವೃತ್ತಿಯಲ್ಲಿ. ಬಳಕೆದಾರರು ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದರು. ಹಳೆಯ ಅಭ್ಯಾಸ ಬಿಡಲಾರದವರಿಗೆ ಫೋಟೋಪಿ ವಾಸಿ. ಇವಾನ್ ಕುಟ್ಸ್‌ಕಿರ್ ಎಂಬ ಒಬ್ಬರೇ ಪ್ರೋಗ್ರಾಮರ್ ಪ್ರಾಗ್ ನಗರದಲ್ಲಿ ಕೂತು ಕಟ್ಟಿದ ಇದಕ್ಕೆ ಇನ್‌ಸ್ಟಾಲ್ ಮಾಡುವ ರಗಳೆಯೇ ಇಲ್ಲ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಮೆನು, ಶಾರ್ಟ್‌ಕಟ್, ಪಿಎಸ್‌ಡಿ ಎಲ್ಲವೂ ಫೋಟೋಶಾಪ್‌ನವೇ ಎನ್ನಿಸುವಷ್ಟು ಹತ್ತಿರ. ಪಕ್ಕದಲ್ಲಿ ಜಾಹೀರಾತು ಕಾಣುತ್ತದೆ, ಅದೇ ಅದರ ಆದಾಯ. ಚಿತ್ರ ಅವರ ಸರ್ವರಿಗೆ ಹೋಗುವುದಿಲ್ಲ, ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಲೋಗೊ, ಲಗ್ನಪತ್ರಿಕೆ, ಬೋರ್ಡು, ಸ್ಟಿಕ್ಕರ್ ಮಾಡುವವರು ಕೋರಲ್‌ಡ್ರಾ ಬದಲಿಗೆ ನೋಡಬೇಕಾದ್ದು ಇಂಕ್‌ಸ್ಕೇಪ್. 2003ರಿಂದ ಬೆಳೆಯುತ್ತಿರುವ ಇದು ಚಿತ್ರವನ್ನು ಎಸ್‌ವಿಜಿ ಎಂಬ ಮುಕ್ತ ರೂಪದಲ್ಲಿ ಉಳಿಸುತ್ತದೆ. ಆ ಫೈಲನ್ನು ಯಾವ ಬ್ರೌಸರಿನಲ್ಲಿಯೂ ನೋಡಬಹುದು, ಬೇಕಿದ್ದರೆ ನೋಟ್‌ಪ್ಯಾಡಿನಲ್ಲಿ ತೆರೆದು ಒಳಗಿನ ಅಕ್ಷರಗಳನ್ನೂ ಓದಬಹುದು. ಕೋರಲ್‌ಡ್ರಾದ ಹಳೆಯ ಸಿಡಿಆರ್ ಫೈಲುಗಳನ್ನು ತೆರೆಯುವ ಪ್ರಯತ್ನವನ್ನೂ ಮಾಡುತ್ತದೆ, ಕೆಲವೊಮ್ಮೆ ಅಕ್ಷರ ಪಲ್ಲಟವಾದರೂ. ಕೊರತೆ ಇರುವುದು ಸಿಎಂವೈಕೆ ಬಣ್ಣದಲ್ಲಿ. ಆಫ್‌ಸೆಟ್ ಪ್ರೆಸ್ಸಿಗೆ ನೇರವಾಗಿ ಇದರಿಂದ ಫೈಲ್ ಕೊಟ್ಟರೆ ತೆರೆಯಲ್ಲಿ ಕಂಡ ಹೊಳೆಯುವ ಹಸಿರು ಕಾಗದದಲ್ಲಿ ಮಂಕಾಗಬಹುದು. ಅದಕ್ಕೆ ಪರಿಹಾರ ಪುಟವಿನ್ಯಾಸದ ಉಚಿತ ತಂತ್ರಾಂಶ ಸ್ಕ್ರೈಬಸ್. ಅಲ್ಲಿಗೆ ಮುಂದೆ ಬರೋಣ.

ಉಚಿತವಲ್ಲದಿದ್ದರೂ ಒಮ್ಮೆ ಕೊಂಡರೆ ಮುಗಿಯುವ ತಂತ್ರಾಂಶಗಳೂ ಇವೆ. ಐಪ್ಯಾಡ್ ಇದ್ದವರಿಗೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ತಯಾರಾಗುವ ಪ್ರೊಕ್ರಿಯೇಟ್ 12.99 ಡಾಲರಿಗೆ ಸಿಗುತ್ತದೆ. ಆದರೆ ಐಪ್ಯಾಡ್ ಮತ್ತು ಅದರ ಪೆನ್ಸಿಲ್‌ನ ಬೆಲೆಯನ್ನು ಬಿಟ್ಟು ಇದನ್ನು ಅಗ್ಗ ಎನ್ನುವುದು ಆತ್ಮವಂಚನೆ. ಕಾಮಿಕ್ಸ್ ಬರೆಯುವವರ ಮೆಚ್ಚಿನ, ಜಪಾನಿನ ಕ್ಲಿಪ್ ಸ್ಟುಡಿಯೋ ಪೇಂಟ್ ಕಂಪ್ಯೂಟರಿಗೆ ಒಮ್ಮೆ ಕೊಳ್ಳುವ ಆಯ್ಕೆ ಉಳಿಸಿಕೊಂಡಿದೆ. ಆದರೆ ಮುಂದಿನ ದೊಡ್ಡ ಆವೃತ್ತಿಗಳಿಗೆ ಮತ್ತೆ ದುಡ್ಡು ಎಂದು 2022ರಲ್ಲಿ ಸಾರಿದಾಗ ಬಳಕೆದಾರರು ಸಿಡಿಮಿಡಿಗೊಂಡಿದ್ದರು. ವಿಡಿಯೋ ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಕಿರುಚಿತ್ರ, ಮದುವೆ ವಿಡಿಯೋಗಳಿಗೆ ಸಾಲುವಷ್ಟಿದೆ, ಪೂರ್ಣ ಆವೃತ್ತಿಗೆ ಒಮ್ಮೆ 295 ಡಾಲರ್. ಮತ್ತೆ ಉಚಿತವಾದವುಗಳಿಗೆ ಬಂದರೆ, ಕ್ಯಾಮೆರಾದ ರಾ ಫೈಲ್ ತಿದ್ದುವವರಿಗೆ ಡಾರ್ಕ್‌ಟೇಬಲ್ ಇದೆ. ಆ್ಯಪ್, ವೆಬ್ ಪುಟಗಳ ವಿನ್ಯಾಸಕ್ಕೆ ಸ್ಪೇನಿನ ಪೆನ್‌ಪಾಟ್ ಇದೆ. ಇದೇ ಕೆಲಸದ ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುತ್ತೇವೆಂದು 2022ರಲ್ಲಿ ಅಡೋಬಿ ಹೊರಟಾಗ ಗಾಬರಿಯಾದ ಹಲವರು ಮೊದಲು ಬಂದು ಇಣುಕಿದ್ದು ಇಲ್ಲಿಗೇ. ಆ ಖರೀದಿ ಯುರೋಪಿನ ನಿಯಂತ್ರಕರ ಆಕ್ಷೇಪದಿಂದ ಮರುವರ್ಷ ಮುರಿದುಬಿತ್ತು.

ಇನ್ನು ಅಫಿನಿಟಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸೆರಿಫ್ ಕಂಪನಿ 2014ರಿಂದ ಅಫಿನಿಟಿ ಡಿಸೈನರ್, ಫೋಟೋ, ಪಬ್ಲಿಷರ್ ಎಂಬ ಮೂರನ್ನು ಒಂದೊಂದಾಗಿ ಹೊರತಂದು, ಚಂದಾ ಬೇಡ ಎನ್ನುವವರನ್ನೇ ಗಿರಾಕಿ ಮಾಡಿಕೊಂಡಿತ್ತು. 2024ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾನ್ವಾ ಅದನ್ನು ಕೊಂಡಾಗ ಮುಗಿಯಿತು ಕಥೆ ಎಂದವರೇ ಹೆಚ್ಚು. ಆದದ್ದು ಬೇರೆ: 2025ರ ಅಕ್ಟೋಬರ್ 30ರಂದು ಮೂರನ್ನೂ ಸೇರಿಸಿ ಒಂದೇ ತಂತ್ರಾಂಶ ಮಾಡಿ ಪೂರ್ತಿ ಉಚಿತ ಎಂದು ಕ್ಯಾನ್ವಾ ಪ್ರಕಟಿಸಿತು. ಕ್ಯಾನ್ವಾ ಖಾತೆ ಇದ್ದರೆ ಸಾಕು. ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಬೇಕೆಂದರೆ ಮಾತ್ರ ಹಣ. ಗುಣಮಟ್ಟದಲ್ಲಿ ಅಡೋಬಿಗೆ ಅತಿ ಹತ್ತಿರ ನಿಲ್ಲುವುದು ಇದೇ, ಸಂಶಯವಿಲ್ಲ. ಆದರೆ ಉಚಿತವಾದರೂ ಮುಕ್ತವಲ್ಲ. ಅದರ ಫೈಲ್ ತೆರೆಯುವ ಕೀಲಿ ಕಂಪನಿಯ ಬಳಿಯೇ ಇದೆ, ಇವತ್ತಿನ ಉದಾರತೆ ಎಷ್ಟು ದಿನ ಎಂಬುದನ್ನು ಕ್ಯಾನ್ವಾದ ಲಾಭನಷ್ಟದ ಪಟ್ಟಿ ತೀರ್ಮಾನಿಸುತ್ತದೆ.

ಕನ್ನಡದ ಬಳಕೆದಾರರಿಗೆ ಇದೆಲ್ಲಕ್ಕಿಂತ ಮೊದಲು ಒಂದು ಪರೀಕ್ಷೆ ಇದೆ, ಅದು ಅಮೆರಿಕದ ವಿಮರ್ಶಕರ ಪಟ್ಟಿಯಲ್ಲಿ ಸಿಗುವುದಿಲ್ಲ. ತಂತ್ರಾಂಶ ತೆರೆದು ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಸೂರ್ಯ’ ಎಂದು ಟೈಪ್ ಮಾಡಬೇಕು. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ, ದೀರ್ಘ ತನ್ನ ಅಕ್ಷರ ಬಿಟ್ಟು ಓಡಿದರೆ, ಅರ್ಧಾಕ್ಷರದ ಚಿಹ್ನೆ ಹಾಗೇ ಉಳಿದರೆ, ಅದೆಷ್ಟೇ ಒಳ್ಳೆಯ ತಂತ್ರಾಂಶವಾದರೂ ಕನ್ನಡದ ಮುಖಪುಟಕ್ಕೆ ಬಾರದು. ಅಫಿನಿಟಿ ಈ ಪರೀಕ್ಷೆಯಲ್ಲಿ ವರ್ಷಗಟ್ಟಲೆ ನಪಾಸಾದ ತಂತ್ರಾಂಶ, ಆದ್ದರಿಂದ ಹೊಸದನ್ನೂ ಮೊದಲು ಹೀಗೆ ಟೈಪ್ ಮಾಡಿ ನೋಡಿಯೇ ನಂಬಬೇಕು. ದುಡ್ಡು ಕೊಟ್ಟ ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿಯೂ ಸೆಟಿಂಗ್ಸ್‌ಗೆ ಹೋಗಿ ಅಕ್ಷರ ಜೋಡಣೆಯ ಎಂಜಿನ್ ಬದಲಿಸದಿದ್ದರೆ ಕನ್ನಡ ಚೆಲ್ಲಾಪಿಲ್ಲಿಯಾಗುತ್ತಿತ್ತು ಎಂಬುದು ಅನೇಕರಿಗೆ ಗೊತ್ತಿಲ್ಲ. ಇಲ್ಲಿ ಮುಕ್ತ ತಂತ್ರಾಂಶಗಳು ಮುಂದಿವೆ. ಜಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್‌ಗಳ ಒಳಗೆ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ಎಂಜಿನ್. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಕಾಣುವುದಕ್ಕೂ ಅದೇ ಕಾರಣ. ಒಂದು ಕಡೆ ಸರಿಹೋದದ್ದು ಎಲ್ಲ ಕಡೆ ಸರಿಹೋಗುತ್ತದೆ.

ಅಕ್ಷರಗಳ ಕೊರತೆಯೂ ಈಗ ಇಲ್ಲ. ನೋಟೊ ಸಾನ್ಸ್, ನೋಟೊ ಸೆರಿಫ್, ಬಾಲೂ ತಮ್ಮ, ಅನೇಕ್ ಕನ್ನಡ, ಟೀರೋ ಕನ್ನಡ, ಹುಬ್ಬಳ್ಳಿ, ಗುಬ್ಬಿ, ನವಿಲು ಮೊದಲಾದ ಯುನಿಕೋಡ್ ಅಕ್ಷರಗಳನ್ನು ಪುಕ್ಕಟೆ ಇಳಿಸಿಕೊಂಡು ವ್ಯಾಪಾರದ ಕೆಲಸಕ್ಕೂ ಬಳಸಬಹುದು. ತೊಡಕಿರುವುದು ಹಳೆಯ ಸಾಮಗ್ರಿಯಲ್ಲಿ. ಪೇಜ್‌ಮೇಕರ್ ಕಾಲದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಅದೇ ಪಠ್ಯವನ್ನು ಹೊಸ ತಂತ್ರಾಂಶಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುತ್ತದೆ. ಪರಿವರ್ತಕಗಳು ನುಡಿ, ಬರಹಗಳಲ್ಲೇ ಇವೆ. ಪರಿವರ್ತಿಸಿದ ಮೇಲೆ ಕರಡು ಮಾತ್ರ ಇನ್ನೊಮ್ಮೆ ನೋಡಲೇಬೇಕು.

ಇಡೀ ದಿನಪತ್ರಿಕೆಯೊಂದು ಹೀಗೆ ಮನೆ ಬದಲಿಸಿದ್ದು ನಮ್ಮ ಪಕ್ಕದ ಕೇರಳದಲ್ಲಿ. ಭಾರತ ಕಮ್ಯುನಿಸ್ಟ್ ಪಕ್ಷದ ಮಲಯಾಳ ದೈನಿಕ ‘ಜನಯುಗಂ’ 2019ರಲ್ಲಿ ಪೇಜ್‌ಮೇಕರ್ ಮತ್ತು ಅದರ ಹಳೆಯ ಅಕ್ಷರಗಳನ್ನು ಬಿಟ್ಟು ಲಿನಕ್ಸ್ ಮೇಲೆ ಸ್ಕ್ರೈಬಸ್, ಜಿಂಪ್, ಇಂಕ್‌ಸ್ಕೇಪ್‌ಗಳಿಗೆ ಬಂತು. ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿರಲಿಲ್ಲ, ಹಾಗಾಗಿ ಮುದ್ರಣಕ್ಕೊಂದು, ವೆಬ್‌ಸೈಟಿಗೊಂದು ಎಂದು ಎರಡು ಬಗೆಯ ಪಠ್ಯ ಇಟ್ಟುಕೊಳ್ಳಬೇಕಿತ್ತು. ಹೊಸ ದುಬಾರಿ ತಂತ್ರಾಂಶವನ್ನು ಎಲ್ಲ ಆವೃತ್ತಿಗಳ ಕಂಪ್ಯೂಟರುಗಳಿಗೂ ಕೊಳ್ಳುವ ಶಕ್ತಿ ಪತ್ರಿಕೆಗೆ ಇರಲಿಲ್ಲ. ಮಲಯಾಳದ ಹಳೆಯ ಕೂಡಕ್ಷರಗಳನ್ನು ಕಾಪಾಡಿಕೊಂಡು ಬಂದ ರಚನಾ ಅಕ್ಷರ ವಿನ್ಯಾಸ ಸಂಸ್ಥೆಯವರ ಅಕ್ಷರಗಳು ಅಲ್ಲಿ ಕೈಗೆ ಒದಗಿದವು. ಪುಟವಿನ್ಯಾಸದ ಸಿಬ್ಬಂದಿಗೆ ತರಬೇತಿ ಕೊಟ್ಟು, ಎಡವಿದ ಕಡೆ ತಂತ್ರಾಂಶವನ್ನೇ ತಿದ್ದಿಸಿಕೊಂಡು ಪತ್ರಿಕೆ ಹೊರಬಂತು. ದಿನಪತ್ರಿಕೆಯಲ್ಲಿ ಪುಟ ಬಿಡುವ ಗಂಟೆ ಯಾರಿಗೂ ಕಾಯುವುದಿಲ್ಲ. ಅಂಥ ಜಾಗದಲ್ಲಿ ನಡೆದದ್ದು ತಿಂಗಳ ಪತ್ರಿಕೆಗೋ ಪುಸ್ತಕ ಪ್ರಕಾಶನಕ್ಕೋ ನಡೆಯದು ಎನ್ನಲು ಕಾರಣ ಹುಡುಕುವುದು ಕಷ್ಟ. ಕೇರಳದ ಶಾಲೆಗಳ ಕಂಪ್ಯೂಟರ್ ಪಠ್ಯದಲ್ಲಿ ಮಕ್ಕಳು ಜಿಂಪ್, ಇಂಕ್‌ಸ್ಕೇಪ್‌ಗಳನ್ನೇ ಕಲಿಯುತ್ತಾರೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಕಲಿತ ಕೈಗಳು ಸಿಗುವ ಕಡೆ ಇಂಥ ಸಾಹಸ ಸಲೀಸು.

ಸ್ಕ್ರೈಬಸ್ ನೋಡಲು ಚೆಂದವಲ್ಲ. ಅಡೋಬಿಯ ಇನ್‌ಡಿಸೈನ್‌ನಲ್ಲಿ ಒಂದು ಕ್ಲಿಕ್ಕಿನಲ್ಲಿ ಆಗುವುದಕ್ಕೆ ಇಲ್ಲಿ ಮೂರು ಕಿಟಕಿ ತೆರೆಯಬೇಕಾದೀತು. ಆದರೆ ಪ್ರೆಸ್ಸಿಗೆ ಬೇಕಾದ್ದನ್ನು ಅದು ಬಲ್ಲದು: ಸಿಎಂವೈಕೆ ಬಣ್ಣ, ಕತ್ತರಿಸುವ ಗುರುತು, ಅಂಚಿನಾಚೆಗೆ ಬಿಡುವ ಬಣ್ಣದ ಜಾಗ, ಮುದ್ರಣಕ್ಕೆಂದೇ ಇರುವ ಪಿಡಿಎಫ್ ರೂಪ. ಇಂಕ್‌ಸ್ಕೇಪ್‌ನಲ್ಲಿ ಬರೆದ ಚಿತ್ರವನ್ನು ಇದರೊಳಗೆ ತಂದು, ಬಣ್ಣವನ್ನು ಇಲ್ಲಿ ಸಿಎಂವೈಕೆಗೆ ಬದಲಿಸಿ ಪಿಡಿಎಫ್ ಕಳಿಸಿದರೆ ಪ್ರೆಸ್ಸಿನವರು ಯಾವ ತಂತ್ರಾಂಶ ಎಂದು ಕೇಳುವ ಸಂದರ್ಭವೇ ಬರುವುದಿಲ್ಲ. ‘ಸಿಡಿಆರ್ ಫೈಲೇ ಕೊಡಿ’ ಎಂದು ಹಟ ಹಿಡಿಯುವ ಪ್ರೆಸ್‌ಗಳೂ ಇವೆ. ಅವರೊಂದಿಗೆ ಒಂದು ಪುಟ ಪ್ರಯೋಗಕ್ಕೆ ಮುದ್ರಿಸಿ ತೋರಿಸುವುದೇ ದಾರಿ.

ಪುಕ್ಕಟೆ ಸಿಗುವುದನ್ನು ತಯಾರಿಸುವವರ ಹೊಟ್ಟೆಪಾಡಿನ ವಿಷಯ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. 2017ರಲ್ಲಿ ಕ್ರಿಟಾ ಪ್ರತಿಷ್ಠಾನಕ್ಕೆ ನೆದರ್‌ಲ್ಯಾಂಡ್ಸ್‌ನ ತೆರಿಗೆ ಇಲಾಖೆಯಿಂದ ದೊಡ್ಡ ಬಾಕಿಯ ನೋಟಿಸು ಬಂದಾಗ ಕೆಲಸ ನಿಲ್ಲುವ ಸ್ಥಿತಿ ಬಂದಿತ್ತು. ವಿಷಯ ಬಹಿರಂಗ ಮಾಡಿ ಕೈಚಾಚಿದಾಗ ಜಗತ್ತಿನ ಮೂಲೆಮೂಲೆಯ ಬಳಕೆದಾರರು ಸಣ್ಣಪುಟ್ಟ ದೇಣಿಗೆ ಕೊಟ್ಟು, ಜೊತೆಗೊಂದು ಕಂಪನಿಯೂ ನೆರವಾಗಿ ಪಾರುಮಾಡಿದರು. ಈಗ ಅದೇ ಕ್ರಿಟಾ ತನ್ನ ಜಾಲತಾಣದಲ್ಲಿ ಉಚಿತ, ಮೈಕ್ರೊಸಾಫ್ಟ್ ಮತ್ತು ಸ್ಟೀಮ್ ಅಂಗಡಿಗಳಲ್ಲಿ ಸಣ್ಣ ಬೆಲೆಗೆ ಲಭ್ಯ. ಎರಡೂ ಒಂದೇ ತಂತ್ರಾಂಶ. ಬೆಲೆ ಕೊಟ್ಟವರ ಹಣ ಪ್ರೋಗ್ರಾಮರುಗಳ ಸಂಬಳಕ್ಕೆ ಹೋಗುತ್ತದೆ.

ಚಂದಾ ಬಿಟ್ಟು ಹೊರಬರಲು ನಿರ್ಧರಿಸಿದವರು ಮೊದಲು ಮಾಡಬೇಕಾದ್ದು ಫೈಲುಗಳ ಕೆಲಸ, ಅದೂ ಚಂದಾ ಇನ್ನೂ ನಡೆಯುತ್ತಿರುವಾಗಲೇ. ಇನ್‌ಡಿಸೈನ್ ಫೈಲುಗಳನ್ನು ಐಡಿಎಂಎಲ್ ರೂಪದಲ್ಲಿ ಇನ್ನೊಂದು ಪ್ರತಿ ಉಳಿಸಬೇಕು. ಸ್ಕ್ರೈಬಸ್, ಅಫಿನಿಟಿ ಎರಡೂ ಅದನ್ನು ಓದುತ್ತವೆ, ಮೂಲ ಫೈಲನ್ನು ಓದುವುದಿಲ್ಲ. ಇಲ್ಲಸ್ಟ್ರೇಟರ್ ಚಿತ್ರಗಳಿಗೆ ಎಸ್‌ವಿಜಿ ಮತ್ತು ಪಿಡಿಎಫ್. ಫೋಟೋಶಾಪ್‌ನ ಪಿಎಸ್‌ಡಿ ಬಹುಪಾಲು ಕಡೆ ತೆರೆಯುತ್ತದೆ, ಆದರೂ ಮುಖ್ಯವಾದವಕ್ಕೆ ಲೇಯರ್ ಕೂಡಿಸಿದ ಒಂದು ಟಿಫ್ ಪ್ರತಿ ಇದ್ದರೆ ಕ್ಷೇಮ. ಪೇಜ್‌ಮೇಕರ್ ಕಾಲದ ಫೈಲ್ ಉಳಿದಿದ್ದು ತಂತ್ರಾಂಶವೇ ಇಲ್ಲವಾಗಿದ್ದರೆ ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ನೋಡಬಹುದು. ವಿನ್ಯಾಸ ಅಲ್ಲಲ್ಲಿ ಚದುರಿದರೂ ಪಠ್ಯ, ಚಿತ್ರ ಕೈಗೆ ಸಿಗುತ್ತವೆ.

ಆಮೇಲೆ ಒಪ್ಪಂದದ ಷರತ್ತು ಓದಬೇಕು. ತಿಂಗಳಿಗೆ ಇಷ್ಟು ಎಂದು ಕಟ್ಟುವ ಅನೇಕ ಚಂದಾಗಳು ನಿಜದಲ್ಲಿ ಒಂದು ವರ್ಷದ ಒಪ್ಪಂದಗಳು. ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಮೊತ್ತದ ಅರ್ಧ ಕಟ್ಟಬೇಕಾಗುವ ಈ ಷರತ್ತನ್ನು ಮರೆಮಾಚಿ ಜನರನ್ನು ಸಿಕ್ಕಿಸಲಾಗಿದೆ, ರದ್ದುಮಾಡುವುದನ್ನು ಬೇಕೆಂದೇ ಕಷ್ಟಗೊಳಿಸಲಾಗಿದೆ ಎಂದು ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅಡೋಬಿಯ ಮೇಲೆ ದಾವೆ ಹೂಡಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು. ಆದ್ದರಿಂದ ಖಾತೆಯ ಪುಟದಲ್ಲಿ ನವೀಕರಣದ ದಿನಾಂಕ ಯಾವುದೆಂದು ನೋಡಿ, ಹೊಸ ತಂತ್ರಾಂಶದ ಅಭ್ಯಾಸವನ್ನು ಅದಕ್ಕೂ ಎರಡು ಮೂರು ತಿಂಗಳು ಮೊದಲೇ, ಗಡುವಿಲ್ಲದ ಒಂದು ಸಣ್ಣ ಕೆಲಸದಿಂದ ಶುರುಮಾಡುವುದು ಒಳ್ಳೆಯದು.